ಒಂದು ಸಲದ ‘ಬೇಡ’

ನನ್ನ ಜಾಗಕ್ಕೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಫೋನು ಮಾಡಿ, ಈ ಕೆಲಸದಲ್ಲಿ ಮುಖ್ಯವಾಗಿ ಕಲಿಯಬೇಕಾದ್ದು ಏನು ಎಂದು ಕೇಳಿದಳು. ಪೆನ್ನು ಹಿಡಿದೇ ಕೂತಿದ್ದಾಳೆ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. ಎರಡೇ ಎರಡು ವಿಷಯ, ಬರೆದುಕೋ ಎಂದೆ. ಕಥೆ ಹೇಳಲು ಬಂದವರನ್ನು ಚಪ್ಪಲಿ ಎಲ್ಲಿ ಬಿಡುತ್ತಿದ್ದಿರಿ ಎಂದು ಕೇಳಬೇಕು. ಬೇಡ ಎಂದವರನ್ನು ಇನ್ನೊಮ್ಮೆ ಕೇಳಬೇಕು. ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, ‘ಗಿರಿಜಕ್ಕ, ನೀವು ಆರಾಮಿದ್ದೀರಲ್ಲ?’ ಎಂದಳು. ನಿವೃತ್ತಳಾದ ಆರೇ ತಿಂಗಳಿಗೆ ನನ್ನ ತಲೆ ಕೆಟ್ಟಿತು ಎಂದು ಅವಳು ಊರೆಲ್ಲ ಹೇಳಿಕೊಂಡು ಬರುವ ಮೊದಲು ಇದನ್ನು ಬರೆದಿಡುವುದು ಒಳ್ಳೆಯದು.

ಬಡ್ತಿಯ ಸುದ್ದಿ ನನ್ನ ಹತ್ತಿರ ಇಲ್ಲ. ಅಂಗಡಿಯಲ್ಲಿ ಇದ್ದವರೇ ಮೂವರು: ಮಾಲೀಕರು, ನಾನು, ಮತ್ತೆ ಕೆಲಸ ಇದ್ದಾಗ ಮಾತ್ರ ಬರುವ ಒಬ್ಬ ಚಿತ್ರಕಾರ. ಬಡ್ತಿ ಸಿಗಬೇಕೆಂದರೆ ಮಾಲೀಕರೇ ಎದ್ದು ಹೋಗಬೇಕಿತ್ತು, ಅವರು ಗಟ್ಟಿಯಾಗಿದ್ದರು. ನಾನು ಸಿದ್ದಾಪುರ ತಾಲೂಕಿನ ಮನ್ಮನೆಯವಳು. ಶಿರಸಿಯ ಈ ಅಂಗಡಿ ಬರೀ ಮುದ್ರಣಾಲಯವಾಗಿದ್ದಾಗ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮೊಳೆ ಹೋಗಿ ಕಂಪ್ಯೂಟರ್ ಬಂತು. ಮದುವೆ ಕಾಗದದ ಮೇಲಿನ ಗಣಪತಿಯನ್ನು ಎಡಕ್ಕೆ ಇಡಬೇಕೋ ನಡುವೆ ಇಡಬೇಕೋ ಎಂಬ ಚರ್ಚೆಯಲ್ಲಿ ಬಹಳ ವರ್ಷ ಹೋಯಿತು. ಆಮೇಲೆ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿದೆವು. ಕೊನೆಯ ಕೆಲವು ವರ್ಷ ಮಾಡಿದ್ದು ಈಗ ಆ ಹುಡುಗಿ ಮಾಡಲು ಹೊರಟಿರುವ ಕೆಲಸ, ಅಂದರೆ ಓದುವವರು ತಾವೇ ಒತ್ತಿ ಒತ್ತಿ ದಾರಿ ಆರಿಸಿಕೊಳ್ಳುವ ವೆಬ್ ಕಥೆ.

ಅದನ್ನು ಕೇಳಿಕೊಂಡು ಬಂದದ್ದು ಹುಬ್ಬಳ್ಳಿಯ ಒಂದು ಸಂಸ್ಥೆ. ಹೊರದೇಶಕ್ಕೆ ಓದಲು ಹೋಗುವವರಿಗೆ ಸಲಹೆ ಕೊಡುವುದು ಅವರ ಉದ್ಯೋಗ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಹೋಗಿ ಓದಿ ಬಂದವರ ನೆನಪುಗಳನ್ನು ಕಥೆ ಮಾಡಿಕೊಡಿ, ಮುಂದೆ ಹೋಗುವ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ನೋಡಲಿ ಎಂದರು. ಪರದೆಯ ಮೇಲೆ ಒಂದು ಕೋಣೆಯ ಚಿತ್ರ, ಕೆಳಗೆ ನಾಲ್ಕು ಸಾಲು, ಅದರ ಕೆಳಗೆ ಎರಡು ಬಟನ್. ‘ಅಡುಗೆಮನೆಗೆ ಹೋಗಿ’ ಎಂಬುದನ್ನು ಒತ್ತಿದರೆ ಅಡುಗೆಮನೆಯ ನೆನಪು ಬರುತ್ತದೆ, ‘ಕಿಟಕಿ ತೆರೆಯಿರಿ’ ಎಂಬುದನ್ನು ಒತ್ತಿದರೆ ಕಿಟಕಿಯಾಚೆಯದು. ಕೇಳಲು ಸುಲಭ. ಒಂದು ಕವಲು ಮರೆತು ಹೋದರೆ ಓದುವವರು ಅಡುಗೆಮನೆಗೆ ಹೋಗಿ ಅಲ್ಲೇ ಸಿಕ್ಕಿಬೀಳುತ್ತಾರೆ, ಹೊರಗೆ ಬರಲು ದಾರಿಯೇ ಇರುವುದಿಲ್ಲ. ಯಲ್ಲಾಪುರದ ಒಬ್ಬ ನಿವೃತ್ತ ಮಾಸ್ತರರು ಹಾಗೆ ಸಿಕ್ಕಿಬಿದ್ದು, ಇಡೀ ಬೆಳಗು ಪೋಲೆಂಡಿನ ಒಂದು ಅಡುಗೆಮನೆಯಲ್ಲಿ ಕಳೆದೆ ಎಂದು ಫೋನು ಮಾಡಿ ಬೈದಿದ್ದರು.

ಮಾಲೀಕರು ಬಸಣ್ಣ. ಹಾವೇರಿ ಕಡೆಯವರು, ಶಿರಸಿಗೆ ಬಂದು ಮೂವತ್ತು ವರ್ಷವಾದರೂ ಮಾತು ಮಾತ್ರ ಹಾವೇರಿಯಲ್ಲೇ ಉಳಿದಿದೆ. ಅವರದ್ದು ಒಂದೇ ನಿಯಮ. ಮೂರು ಸಲ ಒತ್ತುವುದರೊಳಗೆ ಕಥೆ ಎಲ್ಲಿಗಾದರೂ ಮುಟ್ಟಬೇಕು. ‘ಮಂದಿಗೆ ಟೈಮಿಲ್ರಿ ಗಿರಿಜಾ ಮೇಡಂ’ ಎನ್ನುವರು. ಹಾಗೆನ್ನುವವರು ಮಾತ್ರ ಮಧ್ಯಾಹ್ನದ ಊಟದ ಮೇಲೆ ಎಲೆ ಅಡಿಕೆಯ ಕವಳ ಹಾಕಿಕೊಂಡು ಕೂತರೆ ನಾಲ್ಕು ಗಂಟೆಯ ತನಕ ಏಳುತ್ತಿರಲಿಲ್ಲ. ಆದರೂ ಮನುಷ್ಯ ಒಳ್ಳೆಯವರು. ನನ್ನ ತಪ್ಪಿಗೆ ಅವರು ಬೈದದ್ದು ಇಲ್ಲ, ಎಲ್ಲರೆದುರು ನಕ್ಕದ್ದು ಬಹಳ.

ಚಪ್ಪಲಿಯ ವಿಷಯಕ್ಕೆ ಬರುತ್ತೇನೆ. ಮೊದಲು ಕಥೆ ಹೇಳಲು ಬಂದವನು ನಂದೊಳ್ಳಿಯ ನಾಗರಾಜ, ಜರ್ಮನಿಯಲ್ಲಿ ಎರಡು ವರ್ಷ ಯಂತ್ರಗಳ ಬಗ್ಗೆ ಓದಿ ಬಂದವನು. ನಾನು ರೆಕಾರ್ಡರ್ ಇಟ್ಟು, ಅಲ್ಲಿಯ ನೆನಪುಗಳನ್ನು ಹೇಳಪ್ಪ ಎಂದೆ. ಅವನು ಕತ್ತು ಕೆರೆದುಕೊಂಡು, ‘ಚೊಲೊ ಇತ್ತು’ ಎಂದ. ಮತ್ತೇನು ಎಂದರೆ, ‘ಚಳಿ ಇತ್ತು’ ಎಂದ. ಎರಡು ವರ್ಷದ ಜರ್ಮನಿ ನಾಲ್ಕು ಪದಕ್ಕೆ ಮುಗಿಯಿತು. ನನಗೆ ಸಿಟ್ಟು ಬಂದು ರೆಕಾರ್ಡರ್ ಆರಿಸಿದೆ. ಅವನು ಹೊರಡಲು ಎದ್ದು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಾಗ, ಅಲ್ಲಿ ಚಪ್ಪಲಿ ಎಲ್ಲಿ ಬಿಡುತ್ತಿದ್ದೆ ಎಂದು ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದೆ. ನಾಗರಾಜ ನಿಂತ. ಬಾಗಿಲ ಹೊರಗೆ ಬಿಟ್ಟರೆ ಪಕ್ಕದ ಕೋಣೆಯ ಮುದುಕಿ ಬೈಯುತ್ತಿದ್ದಳು, ಒಳಗೆ ಬಿಟ್ಟರೆ ಹಿಮ ಕರಗಿ ನೀರಾಗುತ್ತಿತ್ತು, ಅದಕ್ಕೆ ಹಳೆಯ ತಟ್ಟೆ ಇಟ್ಟಿದ್ದೆ, ಆ ತಟ್ಟೆ ಕೊಟ್ಟವನು ಇಂಥವನು ಎಂದು ಶುರುಮಾಡಿದವನು ಮತ್ತೆ ಕೂತು ಊಟದ ಹೊತ್ತಿನ ತನಕ ಹೇಳಿದ. ಅವತ್ತಿನಿಂದ ನಾನು ಯಾರನ್ನೂ ‘ನೆನಪು ಹೇಳಿ’ ಎಂದು ಕೇಳಿಲ್ಲ. ಚಪ್ಪಲಿ ಎಂದರೆ ಸಾಕು, ಉಳಿದದ್ದು ಹಿಂದೆ ಬರುತ್ತದೆ.

ಅವನ ಕಥೆಯಲ್ಲೇ ಇನ್ನೊಂದು ಪಾಠವೂ ಆಯಿತು. ತನ್ನ ಕೋಣೆಯ ಕಿಟಕಿಯಿಂದ ನದಿ ಕಾಣುತ್ತಿತ್ತು ಎಂದಿದ್ದ. ಚಿತ್ರಕಾರ ಚೆಂದದ ನದಿ ಬರೆದುಕೊಟ್ಟ. ಆಮೇಲೆ ನಾಗರಾಜನ ಕೋಣೆಯಲ್ಲೇ ಇದ್ದ ಗೆಳೆಯನೊಬ್ಬ ಅದನ್ನು ನೋಡಿ, ಆ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರಿನ ಗೋಡೆ ಮಾತ್ರ ಎಂದು ಬರೆದ. ನದಿ ತೆಗೆದುಬಿಡಿ ಎಂದರು ಬಸಣ್ಣ. ನಾಗರಾಜ ಬಂದು, ಆಣೆ ಮಾಡಿ ಹೇಳ್ತೇನೆ ನಾನು ದಿನಾ ನೋಡಿದ್ದೇನೆ ಎಂದು ಅಳುವುದೊಂದು ಬಾಕಿ. ವಿಚಾರಿಸಿದರೆ, ನದಿ ಕಾಣುತ್ತಿದ್ದದ್ದು ಅಡುಗೆಮನೆಯ ಕಿಟಕಿಯಿಂದ. ಮನೆಗೆ ಫೋನು ಮಾಡುವಾಗ ಅವನು ನಿಲ್ಲುತ್ತಿದ್ದದ್ದು ಅಲ್ಲಿ. ಮನೆಯವರ ದನಿ, ನದಿ, ಕೋಣೆ ಎಲ್ಲ ಸೇರಿ ಅವನ ತಲೆಯಲ್ಲಿ ಒಂದೇ ಕಿಟಕಿಯಾಗಿತ್ತು. ಕೊನೆಗೆ ಕಿಟಕಿ ತೆರೆದರೆ ಗೋಡೆ ಕಾಣುವ ಹಾಗೆ ಮಾಡಿ, ಕೆಳಗೆ ‘ನಾಗರಾಜನಿಗೆ ನೆನಪಿರುವುದನ್ನು ನೋಡಿ’ ಎಂದು ಇನ್ನೊಂದು ಬಟನ್ ಇಟ್ಟೆ. ಗೋಡೆ ನೋಡಿ ತೃಪ್ತಿಪಟ್ಟವರು ಯಾರೂ ಇಲ್ಲ, ಎಲ್ಲರೂ ನದಿ ಒತ್ತಿದರು.

ಇಷ್ಟೆಲ್ಲ ಕಲಿತಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ಇಂಟರ್ನೆಟ್ಟಿನಲ್ಲಿ ಯಾವುದೋ ದೂರದ ದೇಶದವರು ನಡೆಸುವ ತರಗತಿಗೆ ಸೇರಿದೆ. ಇಂಥ ಕಥೆಗಳನ್ನು ಶಾಸ್ತ್ರೋಕ್ತವಾಗಿ ಹೇಗೆ ಕಟ್ಟಬೇಕು ಎಂದು ಅವರು ಕಲಿಸುತ್ತಿದ್ದರು. ಅವರ ಮೊದಲ ನಿಯಮ: ಕಥೆಯ ಬಾಗಿಲಲ್ಲೇ ಓದುವವರಿಗೆ ‘ಬೇಡ’ ಎನ್ನಲು ಅವಕಾಶ ಇರಬೇಕು, ಬೇಡ ಎಂದವರ ಮಾತನ್ನು ಮರುಮಾತಿಲ್ಲದೆ ಗೌರವಿಸಬೇಕು. ಎಷ್ಟು ಸಭ್ಯರು ಎಂದುಕೊಂಡು ನಾನು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ನಾನು ಹುಟ್ಟಿದ ಮನ್ಮನೆಯಲ್ಲಾಗಲಿ, ಕೆಲಸ ಮಾಡಿದ ಶಿರಸಿಯಲ್ಲಾಗಲಿ, ಒಂದು ಸಲ ಬೇಡ ಎನ್ನದೆ ಯಾರ ಮನೆಯಲ್ಲೂ ನೀರನ್ನೂ ಮುಟ್ಟಿದವಳಲ್ಲ. ಅದು ಆಗ ತಲೆಗೆ ಹೊಳೆಯಲೇ ಇಲ್ಲ.

ಆ ಹೊತ್ತಿಗೆ ಬಂದವಳು ಸಂಧ್ಯಾ. ಮತ್ತಿಘಟ್ಟದವಳು. ಫಿನ್‌ಲ್ಯಾಂಡಿನಲ್ಲಿ ಕಾಡಿನ ಮಣ್ಣಿನ ಬಗ್ಗೆ ಓದಿ ಬಂದು, ಶಿರಸಿ ಹತ್ತಿರದ ಒಂದು ಶಾಲೆಯಲ್ಲಿ ಸದ್ಯಕ್ಕೆ ವಿಜ್ಞಾನ ಕಲಿಸುತ್ತಿದ್ದಳು. ಅವಳ ಅಪ್ಪ ಸುಬ್ರಾಯ ಹೆಗಡೆಯವರನ್ನು ತಿಳಿಯದವರು ಈ ಮೂರು ತಾಲೂಕಿನಲ್ಲಿ ಕಡಿಮೆ. ಸಮಾರಂಭಗಳಲ್ಲಿ ಊಟ ಬಡಿಸುವ ತಂಡದ ಯಜಮಾನರು ಅವರು. ಒತ್ತಾಯ ಮಾಡಿ ಬಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎಂದರೂ ಬೆರಳ ಸಂದಿನಲ್ಲಿ ಹೋಳಿಗೆ ಇಳಿಸುವ ಮನುಷ್ಯ. ಅವರ ಮೊಬೈಲ್ ತೆರೆದರೆ ಮಗಳು ಪದವಿಯ ಕಪ್ಪು ನಿಲುವಂಗಿ ತೊಟ್ಟು ನಿಂತ ಚಿತ್ರ. ಪಂಕ್ತಿ ಮುಗಿದು ಜನ ಕೈ ತೊಳೆಯುವಾಗ ಅದನ್ನು ತೋರಿಸುವರು. ಕೈ ಒದ್ದೆಯಿದ್ದವರು ಓಡಿಹೋಗುವ ಹಾಗಿಲ್ಲವಲ್ಲ, ನೋಡಲೇಬೇಕು.

ಸಂಸ್ಥೆಯವರಿಗೂ ಅದೇ ಚಿತ್ರ ಬೇಕಿತ್ತು, ಕಥೆಯ ಮೊದಲ ಪುಟಕ್ಕೆ. ನಾನು ರೆಕಾರ್ಡರ್ ಇಟ್ಟು ನನ್ನ ಪ್ರಸಿದ್ಧ ಪ್ರಶ್ನೆ ಕೇಳಿದೆ. ಅಲ್ಲಿ ಚಪ್ಪಲಿ ಎಲ್ಲಿ ಬಿಡುತ್ತಿದ್ದೆ? ಚಪ್ಪಲಿಯಲ್ಲ, ಬೂಟು ಎಂದಳು. ಬಾಗಿಲ ಪಕ್ಕ ಒಂದು ಚಿಕ್ಕ ಮಣೆ ಇತ್ತು, ಅದರ ಮೇಲೆ ಎಂದಳು. ಆಮೇಲೆ ರೆಕಾರ್ಡರನ್ನು ಪಕ್ಕಕ್ಕೆ ಸರಿಸಿ, ‘ಎರಡನೇ ಚಳಿಗಾಲದಲ್ಲಿ ಅದು ಹನ್ನೊಂದು ದಿನ ಅಲ್ಲೇ ಇತ್ತು ಗಿರಿಜಕ್ಕ. ನಾನು ಮುಟ್ಟಲೇ ಇಲ್ಲ’ ಎಂದಳು.

ಹನ್ನೊಂದು ದಿನ ಹುಡುಗಿ ಕೋಣೆಯಿಂದ ಹೊರಗೆ ಹೋಗಿರಲಿಲ್ಲ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರು, ಮಾತನಾಡಲು ಯಾರೂ ಇಲ್ಲ, ಎದ್ದು ಮುಖ ತೊಳೆಯಲೂ ಮನಸ್ಸಿಲ್ಲ. ಆ ದಿನಗಳಲ್ಲೇ ಅವಳ ಪರೀಕ್ಷೆಗಳು ಬಂದು ಹೋದವು. ಅಪ್ಪ ಫೋನು ಮಾಡಿ ಪರೀಕ್ಷೆ ಹೇಗಾಯಿತು ಎಂದು ಕೇಳಿದಾಗ, ಚೊಲೊ ಆಯಿತು ಎಂದಿದ್ದಳು. ಆಮೇಲೆ ಆ ಒಂದು ಮಾತನ್ನು ಕಾಯುವುದಕ್ಕೇ ಇನ್ನೊಂದು, ಅದನ್ನು ಕಾಯಲು ಮತ್ತೊಂದು. ಪದವಿ ಅವಳಿಗೆ ಸಿಗಲಿಲ್ಲ. ಚಿತ್ರದಲ್ಲಿರುವ ನಿಲುವಂಗಿ ಗೆಳತಿಯದ್ದು, ಐದು ನಿಮಿಷಕ್ಕೆ ತೊಟ್ಟಿದ್ದು. ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ ಎಂದು ಮನೆಯಲ್ಲಿ ಹೇಳಿ ವರ್ಷವಾಗಿತ್ತು. ಹೇಳಿ ಮುಗಿಸುವಾಗ ಅವಳಿಗಿಂತ ಮೊದಲು ಅತ್ತವಳು ನಾನು. ಅಳುವುದು ನನ್ನ ಕೆಲಸವಲ್ಲ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು, ಇರಲಿ.

ಅವಳಿಗೆ ಆ ಸುಳ್ಳು ಹೊತ್ತು ಸಾಕಾಗಿತ್ತು. ನಿಜದ ಕಥೆಯನ್ನೇ ಹಾಕಿ, ಆದರೆ ಅದಕ್ಕೂ ಮೊದಲು ಅಪ್ಪ ನೋಡಬೇಕು ಎಂದಳು. ಎದುರು ಕೂತು ಹೇಳಲು ಬಾಯಿ ಬರುವುದಿಲ್ಲ, ಪುಟದಲ್ಲಾದರೆ ಅವರೇ ಒಂದೊಂದಾಗಿ ಒತ್ತಿ ತಿಳಿಯಲಿ. ಅವರು ಕೇಳಲು ಒಪ್ಪದಿದ್ದರೆ ಸಂಸ್ಥೆಯವರಿಗೆ ನಿಲುವಂಗಿಯ ಕಥೆಯನ್ನೇ ಕೊಟ್ಟು, ಕೊಡಗಿನಲ್ಲೊಂದು ಕೆಲಸ ಬಂದಿದೆ, ಅಲ್ಲಿಗೆ ಹೋಗಿಬಿಡುತ್ತೇನೆ. ಪ್ರಮಾಣಪತ್ರ ಬಂತಾ ಎಂದು ಕೇಳುವ ಮನೆಯಲ್ಲಿ ಇನ್ನು ಇರಲಾರೆ ಎಂದಳು. ಸಂಸ್ಥೆಗೆ ತಿಂಗಳ ಕೊನೆಗೆ ಕಥೆ ಕೊಡಬೇಕಿತ್ತು.

ಮೂರು ವಾರ ಕೂತು ಕಟ್ಟಿದೆ. ಇಷ್ಟು ಮನಸ್ಸಿಟ್ಟು ನಾನು ಬೇರೆ ಯಾವುದನ್ನೂ ಕಟ್ಟಿಲ್ಲ. ಮೊದಲ ಪರದೆಯಲ್ಲಿ ಚಿತ್ರ ಇಲ್ಲ, ಒಂದೇ ಸಾಲು: ‘ಅಪ್ಪಾ, ಅಲ್ಲಿ ನಿಜವಾಗಿ ಏನಾಯಿತು ಎಂದು ಹೇಳಲೇ?’ ಕೆಳಗೆ ‘ಹೇಳು’ ಮತ್ತು ‘ಬೇಡ’. ಸಂಧ್ಯಾ ಬರೆದುಕೊಟ್ಟದ್ದರಲ್ಲಿ ‘ಬೇಡ’ ಇರಲಿಲ್ಲ. ಇಟ್ಟವಳು ನಾನು, ಗೋಡೆಯ ಮೇಲಿನ ನಿಯಮ ನೋಡಿಕೊಂಡು. ಅದನ್ನು ಒತ್ತಿದರೆ ‘ಸರಿ, ನಿಮ್ಮ ಮಾತನ್ನು ಗೌರವಿಸುತ್ತೇವೆ’ ಎಂದು ಬಂದು ಪುಟ ಮುಚ್ಚುವ ಹಾಗೆ ಮಾಡಿದೆ. ನೆಂಟರಿಷ್ಟರ ವಾಟ್ಸಾಪ್ ಗುಂಪಿಗೆ ಹೋಗಬಾರದು ಎಂದು ಅವಳು ಕೇಳಿಕೊಂಡದ್ದರಿಂದ, ಪುಟದ ಕೊಂಡಿ, ಅಂದರೆ ಲಿಂಕನ್ನು, ಒಂದೇ ಸಲ ತೆರೆಯುವ ಹಾಗೆ ಬಿಗಿ ಮಾಡಿದೆ.

ಒಂದು ಶನಿವಾರ ಶಾಲೆ ಬಿಟ್ಟಮೇಲೆ ಸಂಧ್ಯಾ ಅಂಗಡಿಗೆ ಬಂದು, ನನ್ನ ಪಕ್ಕ ಕೂತು ಅಪ್ಪನಿಗೆ ಕೊಂಡಿ ಕಳಿಸಿದಳು. ಯಾರು ತೆರೆದರು, ಏನು ಒತ್ತಿದರು ಎಂಬುದು ನನ್ನ ಪರದೆಯಲ್ಲಿ ಕಾಣುತ್ತದೆ. ಹತ್ತು ನಿಮಿಷಕ್ಕೆ ‘ತೆರೆದಿದ್ದಾರೆ’ ಎಂದು ಬಂತು. ಅವಳು ನನ್ನ ಕುರ್ಚಿಯ ಕೈ ಹಿಡಿದುಕೊಂಡಳು. ಅದರ ಕೆಳಗಿನ ಸಾಲಿನಲ್ಲಿ ‘ಬೇಡ’ ಎಂದು ಬಂತು.

ಅವಳು ಅಳಲಿಲ್ಲ. ಚಾ ಕುಡಿದ ಲೋಟ ತೊಳೆದಿಟ್ಟಳು. ‘ಅಪ್ಪಂಗೆ ಕೇಳೂಲೆ ಇಷ್ಟ ಇಲ್ಲೆ’ ಎಂದು ತನಗೇ ಎಂಬಂತೆ ಮನೆಮಾತಿನಲ್ಲಿ ಹೇಳಿಕೊಂಡು, ನಿಲುವಂಗಿಯ ಕಥೆಯನ್ನೇ ಕಳಿಸಿಬಿಡಿ ಎಂದು ನನಗೆ ಹೇಳಿ ಹೋದಳು. ನಾನು ಆ ಹೆಗಡೆಯವರನ್ನು ಮನಸ್ಸಿನಲ್ಲೇ ಬೈದೆ. ಊರಿನವರಿಗೆಲ್ಲ ಬೇಡವೆಂದರೂ ಬಡಿಸುವ ಮನುಷ್ಯ, ಮಗಳ ಒಂದು ಮಾತು ಕೇಳಲಾರದೆ ಹೋದರಲ್ಲ ಎಂದು ಸಂಕಟವಾಯಿತು. ಎಂಟು ದಿನ ಅವರಿಬ್ಬರೂ ಒಂದೇ ಮನೆಯಲ್ಲಿ ಎದುರುಬದುರು ಕೂತು ಉಂಡರು, ಆ ವಿಷಯ ಇಬ್ಬರ ಬಾಯಿಯಿಂದಲೂ ಬರಲಿಲ್ಲ. ಅವಳು ಕೊಡಗಿನವರಿಗೆ ಬರುತ್ತೇನೆಂದು ಹೇಳಿಯೂ ಬಿಟ್ಟಳು. ನಾನು ಮಾತ್ರ ನಿಲುವಂಗಿಯ ಕಥೆಯನ್ನು ಕಳಿಸದೆ, ಬಸಣ್ಣನ ಹತ್ತಿರ ಕಂಪ್ಯೂಟರಿಗೆ ಆರಾಮಿಲ್ಲ ಎಂದು ದಿನ ದೂಡುತ್ತಿದ್ದೆ.

ಒಂಬತ್ತನೆಯ ದಿನ ಬಸಣ್ಣನ ಹೊಸ ಮನೆಯ ಗೃಹಪ್ರವೇಶ. ಊಟಕ್ಕೆ ಕೂತರೆ, ಬಡಿಸಲು ಬಂದದ್ದು ಅದೇ ಸುಬ್ರಾಯ ಹೆಗಡೆಯವರ ತಂಡ. ನನಗೆ ಅವರ ಮುಖ ನೋಡಲೂ ಮನಸ್ಸಿರಲಿಲ್ಲ. ಹೋಳಿಗೆ ಹಿಡಿದುಕೊಂಡು ಎದುರಿಗೇ ಬಂದು ನಿಂತರು. ಬೇಡ ಎಂದೆ, ಬಿಗಿಯಾಗಿಯೇ. ಒಂದು ಹೋಳಿಗೆ ಎಲೆಗೆ ಬಿತ್ತು. ಸಿಟ್ಟಿನಿಂದ, ಬೇಡ ಎಂದೆನಲ್ಲ, ಕೇಳಿಸಲಿಲ್ಲವೇ ಎಂದೆ. ಹೆಗಡೆಯವರಿಗೆ ಇಂಥ ಸಿಟ್ಟು ಹೊಸದಲ್ಲ, ನಕ್ಕು ತುಪ್ಪದವನನ್ನು ಕರೆದರು.

‘ನೀವು ಒಂದೇ ಸಲ ಅಂದಿದ್ದಲ್ವ?’ ಎಂದರು. ‘ಒಂದು ಸಲದ ಬ್ಯಾಡಕ್ಕೆ ತಿರುಗಿ ಹೋದ್ರೆ ಊಟ ಮಾಡವರು ಹಸಿದೇ ಎದ್ದು ಹೋಗ್ತಾರೆ.’

ತುಪ್ಪ ಬಿತ್ತು, ಅದು ಎಲೆಯ ಅಂಚಿಗೆ ಹರಿದದ್ದೂ ನನಗೆ ಗೊತ್ತಾಗಲಿಲ್ಲ. ನನ್ನ ಕಣ್ಣೆದುರು ನನ್ನದೇ ಪುಟ, ನನ್ನದೇ ‘ಬೇಡ’, ಅದರ ಕೆಳಗೆ ನಾನೇ ಬರೆದ ಗೌರವದ ಸಾಲು. ಪಕ್ಕದಲ್ಲಿ ಕೂತವರು ಹುಷಾರಿಲ್ಲವೇ ಎಂದು ಕೇಳಿದರು. ಹುಷಾರು ತಪ್ಪಿ ಎಷ್ಟೋ ದಿನವಾಗಿದೆ, ಈಗ ಸರಿಯಾಯಿತು ಎಂದು ಹೇಳಲಿಲ್ಲ, ಹೋಳಿಗೆ ತಿಂದೆ.

ಪಂಕ್ತಿ ಮುಗಿದಮೇಲೆ ಹೆಗಡೆಯವರು ಕವಳ ಹಾಕಲು ಕೂತ ಜಾಗ ಹುಡುಕಿಕೊಂಡು ಹೋದೆ. ಮಗಳು ಏನಾದರೂ ಕಳಿಸಿದ್ದಳೇ ಎಂದು ಮೆಲ್ಲಗೆ ಕೇಳಿದೆ. ಅವರು ಸುಣ್ಣ ಹಚ್ಚುತ್ತಿದ್ದ ಎಲೆಯನ್ನು ಕೆಳಗಿಟ್ಟರು. ಕಳಿಸಿದ್ದಳು, ಹೇಳಲೇ ಅಂತ ಕೇಳಿದ್ದಳು, ಬೇಡ ಎಂದೆ ಎಂದರು. ಒಂದು ಮಾತು ಕೇಳಿದ ಕೂಡಲೇ ಹೇಳು ಹೇಳು ಎಂದು ಮೇಲೆ ಬೀಳುವುದು ಹೇಗೆ, ಹೇಳಲು ಅವಳಿಗೆ ಎಷ್ಟು ಕಷ್ಟವೋ ಏನೋ, ಇನ್ನೊಂದು ಸಲ ಕೇಳಿದರೆ ಆಗ ಹೂಂ ಅನ್ನೋಣ ಎಂದು ಕಾದರಂತೆ. ಪುಟ ಮುಚ್ಚಿಕೊಂಡಿತು. ಮತ್ತೆ ಒತ್ತಿದರೆ ತೆರೆಯಲಿಲ್ಲ. ಮಗಳೂ ಮತ್ತೆ ಕೇಳಲಿಲ್ಲ.

‘ಎಂಟು ದಿನದಿಂದ ಕಾಯ್ತಾ ಇದ್ದೆ ಗಿರಿಜಮ್ಮ’ ಎಂದರು. ‘ಆ ಫೋಟೋದ ಅಂಗಿ ಅವಳದ್ದಲ್ಲ ಅಂತ ನಂಗೆ ಮೊದಲೇ ಗೊತ್ತು. ತೋಳು ಗಿಡ್ಡ ಇದೆ. ಮಗಳ ಅಳತೆ ಅಪ್ಪಂಗೆ ಗೊತ್ತಿರೂದಿಲ್ವ? ಅವಳೇ ಹೇಳ್ಲಿ ಅಂತ ದಿನಾ ಆ ಫೋಟೋ ತೆಗೆದು ತೋರಿಸ್ತಾ ಬಂದೆ. ಏನೂ ಹೇಳ್ಲಿಲ್ಲ.’

ಅವರ ಕಣ್ಣು ತುಂಬಿತ್ತು. ತಪ್ಪು ಅವರದ್ದಲ್ಲ, ಅವಳದ್ದೂ ಅಲ್ಲ, ಆ ಬಟನ್ ಇಟ್ಟವಳು ನಾನು ಎಂದು ಒಪ್ಪಿಕೊಂಡೆ. ಅಲ್ಲಿ ಏನಾಯಿತು ಎಂದು ಮಾತ್ರ ಹೇಳಲಿಲ್ಲ; ಅದು ಅವಳು ಹೇಳಬೇಕಾದ್ದು. ನಾಳೆ ಸಂಜೆ ಅಂಗಡಿಗೆ ಬನ್ನಿ ಎಂದೆ. ಈ ಸಲ ಬೇಡ ಎನ್ನದೆ ಬರುತ್ತೇನೆ ಎಂದರು.

ಬಸಣ್ಣನಿಗೆ ಹೇಳಿದಾಗ ಗೃಹಪ್ರವೇಶದ ಶಲ್ಯ ಬಾಯಿಗೆ ಒತ್ತಿಕೊಂಡು ನಕ್ಕರು. ‘ಅಲ್ರಿ ಮೇಡಂ, ಈ ಊರಾಗ ಮೂವತ್ತು ವರ್ಷದಿಂದ ನಾನು ಬ್ಯಾಡ ಅಂದು ಅಂದೇ ಹೊಟ್ಟಿ ಬೆಳೆಸೀನಿ. ನಿಮಗ ಗೊತ್ತಾಗ್ಲಿಲ್ಲೇನ್ರಿ?’ ಎಂದರು. ಮೂರು ಒತ್ತಿನ ನಿಯಮವನ್ನು ಅವರೇ ಬದಲಾಯಿಸಿದರು. ಮೂರು ಒತ್ತಿಗೆ ಎಲ್ಲಿಗೂ ಮುಟ್ಟುವುದು ಬೇಡ, ಮೂರು ಸಲ ಕೇಳಲಿ ಎಂದರು. ಅವತ್ತೇ ಗೋಡೆಯ ಮೇಲಿನ ಕಾಗದ ಕಿತ್ತು, ಮೊದಲ ಪರದೆಯನ್ನು ಹೊಸದಾಗಿ ಮಾಡಿದೆ. ಒಂದು ಸಲ ಬೇಡ ಎಂದರೆ, ‘ನಿಜವಾಗಿಯೂ ಬೇಡವೇ? ನನಗೆ ಹೇಳಬೇಕೆಂದಿದೆ’ ಎಂದು ಬರುತ್ತದೆ. ಎರಡನೇ ಸಲವೂ ಬೇಡ ಎಂದರೆ, ‘ಸ್ವಲ್ಪವಾದರೂ?’ ಎಂದು ಕೇಳುತ್ತದೆ. ಆಮೇಲೂ ಬೇಡ ಎಂದವರನ್ನು ಬಿಟ್ಟುಬಿಡಬೇಕು. ನಮ್ಮ ಕಡೆ ಮೂರನೆಯ ಬೇಡ ಎಂದರೆ ಹೊಟ್ಟೆ ನಿಜವಾಗಿ ತುಂಬಿದೆ ಎಂದು ಅರ್ಥ.

ನೀನು ಇನ್ನೊಮ್ಮೆ ಕೇಳಲಿ ಎಂದು ಅಪ್ಪ ಕಾಯುತ್ತಿದ್ದರು ಎಂದು ಸಂಧ್ಯಾಳಿಗೆ ರಾತ್ರಿಯೇ ಫೋನು ಮಾಡಿ ಹೇಳಿದೆ. ಮರುದಿನ ಸಂಜೆ ಅಪ್ಪ ಮಗಳು ಒಂದೇ ಸ್ಕೂಟರಿನಲ್ಲಿ ಬಂದರು. ಸಂಧ್ಯಾ ಒಳಗೆ ಬಂದವಳು ಬಾಗಿಲ ಪಕ್ಕದ ಬೆಂಚಿನಲ್ಲಿ ನಮಗೆ ಬೆನ್ನು ಹಾಕಿ ಕೂತು, ಮದುವೆ ಕಾಗದದ ಮಾದರಿಗಳ ಪುಸ್ತಕ ತೆರೆದು ಹಿಡಿದುಕೊಂಡಳು. ಹೆಗಡೆಯವರನ್ನು ನನ್ನ ಕಂಪ್ಯೂಟರಿನ ಎದುರು ಕೂರಿಸಿದೆ. ಪರದೆ ಕೇಳಿತು. ಹೆಗಡೆಯವರು ಕನ್ನಡಕ ಸರಿಮಾಡಿಕೊಂಡು, ‘ಬೇಡ’ ಒತ್ತಿದರು. ನನಗೆ ಕುರ್ಚಿಯಿಂದ ಬೀಳುವುದೊಂದು ಬಾಕಿ. ಅವರೂ ನಾಲಿಗೆ ಕಚ್ಚಿಕೊಂಡು, ಕೈ ತಾನಾಗಿ ಹೋಯಿತು ಎಂದು ಪಿಸುಗುಟ್ಟಿದರು. ಪರದೆ ಎರಡನೇ ಸಲ ಕೇಳಿತು. ‘ಹೇಳು’ ಒತ್ತಿದರು.

ಕೋಣೆ ಬಂತು. ಮಣೆ, ಅದರ ಮೇಲೆ ಬೂಟು. ದಿನಗಳನ್ನು ಒಂದೊಂದಾಗಿ ಒತ್ತುತ್ತ ಹೋಗಬೇಕು. ಕಿಟಕಿಯ ಬೆಳಕು ಬದಲಾಗುತ್ತದೆ, ಬೂಟು ಅಲ್ಲೇ ಇರುತ್ತದೆ. ಹೆಗಡೆಯವರು ಒತ್ತಿದರು. ಐದು, ಆರು, ಏಳು. ಹನ್ನೊಂದಕ್ಕೆ ಫೋನು ರಿಂಗಾಗುವ ಚಿತ್ರ. ಕೆಳಗೆ ಬರಹ: ‘ಅಪ್ಪ ಕೇಳಿದ, ಪರೀಕ್ಷೆ ಹೇಗಾಯಿತು?’ ಎರಡು ಬಟನ್: ‘ಚೊಲೊ ಆಯಿತು’, ‘ಬರೆದಿಲ್ಲ’.

ಅವರು ‘ಬರೆದಿಲ್ಲ’ ಒತ್ತಿದರು. ‘ನಾನು ಹಾಗೆ ಹೇಳಲಿಲ್ಲ’ ಎಂದು ಬಂದು, ಪುಟ ಹಿಂದಿನ ಪ್ರಶ್ನೆಗೇ ಹೋಯಿತು. ಅದು ನಾನು ಬೇಕೆಂದೇ ಹಾಗೆ ಕಟ್ಟಿದ್ದು. ನಡೆದದ್ದು ಒಂದೇ ದಾರಿ, ಇನ್ನೊಂದು ಬಟನ್ ಇದ್ದೂ ತೆರೆಯುವುದಿಲ್ಲ. ಅವರು ಮತ್ತೆ ‘ಬರೆದಿಲ್ಲ’ ಒತ್ತಿದರು. ಮತ್ತೆ ಹಿಂದೆ ಬಂತು. ಇನ್ನೊಂದು ಸಲ, ಮತ್ತೊಂದು ಸಲ. ‘ಚೊಲೊ ಆಯಿತು’ ಎಂಬುದರ ಕಡೆಗೆ ಅವರ ಕೈ ಹೋಗಲೇ ಇಲ್ಲ. ಇದು ಹಾಳಾಗಿದೆಯೇ ಎಂದು ನನ್ನ ಕಡೆ ತಿರುಗಿ ಕೇಳಿದರು. ಹಾಳಾಗಿಲ್ಲ, ಅವತ್ತು ಆದದ್ದೇ ಹಾಗೆ ಎಂದೆ.

ಹೆಗಡೆಯವರು ಮೌಸ್ ಬಿಟ್ಟು, ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡರು.

‘ತಂಗಿ, ಪರೀಕ್ಷೆ ಹೆಂಗಾತೆ?’ ಎಂದು ಮಗಳನ್ನು ಕೇಳಿದರು.

ಸಂಧ್ಯಾ ತಿರುಗಲಿಲ್ಲ. ಪುಸ್ತಕದ ಹಾಳೆ ಮಗುಚಿ, ಎಂಥ ಪರೀಕ್ಷೆ ಈಗ, ಬ್ಯಾಡ ಬಿಡು ಎಂದಳು. ಅವರು ಎದ್ದು ಹೋಗಿ ಬೆಂಚಿನ ತುದಿಯಲ್ಲಿ ಕೂತು ಇನ್ನೊಮ್ಮೆ ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ಅವರಿಗೆ ಅವಸರವಿರಲಿಲ್ಲ. ಪಂಕ್ತಿಯಲ್ಲಿ ಎಲೆಯೆದುರು ಎಷ್ಟು ಹೊತ್ತಾದರೂ ನಿಂತು ಅಭ್ಯಾಸವಿದ್ದವರು ಅವರು. ಮಾದರಿಯ ಪುಸ್ತಕವನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಮೂರನೇ ಸಲ ಕೇಳಿದರು.

‘ಬರದ್ನಿಲ್ಲೆ ಅಪ್ಪ’ ಎಂದಳು.

‘ಅಡ್ಡಿಲ್ಲೆ’ ಎಂದರು ಹೆಗಡೆಯವರು. ‘ಮುಂದೆ ಹೇಳು.’

ಅವಳು ಅವರ ಹೆಗಲಿಗೆ ಹಣೆ ಇಟ್ಟು ಹೇಳುತ್ತಲೇ ಹೋದಳು. ನಾನು ಚಾ ತರುತ್ತೇನೆಂದು ಎದ್ದೆ. ಬೇಡ ಎಂದರು ಇಬ್ಬರೂ, ಒಟ್ಟಿಗೆ. ಹೋಗಿ ತಂದೆ.

ಕೊಡಗಿಗೆ ಅವಳು ಹೋಗಲಿಲ್ಲ. ಸಂಸ್ಥೆಯವರು ಮೊದಲು ಗೊಣಗಿದರೂ ನಿಜದ ಕಥೆಯನ್ನೇ ಹಾಕಿಕೊಂಡರು, ಈಗಲೂ ಇದೆ, ನೋಡಬಹುದು. ಮೊಬೈಲಿನ ಚಿತ್ರವನ್ನು ಹೆಗಡೆಯವರು ಬದಲಾಯಿಸಿಲ್ಲ. ಈಗ ಕೈ ತೊಳೆಯುವವರಿಗೆ ತೋರಿಸಿ, ತೋಳು ಗಿಡ್ಡ ಇದ್ದು ನೋಡಿ ಎನ್ನುತ್ತಾರೆ, ಸಂಧ್ಯಾ ಹತ್ತಿರವಿದ್ದರೆ ಫೋನು ಕಸಿದುಕೊಳ್ಳುತ್ತಾಳೆ. ಒಂದೇ ಒಂದು ಬೇಜಾರು ಉಳಿದಿದೆ ನನಗೆ. ಆ ಫೋನಿನ ಚಿತ್ರದ ಮುಂದೆ ಇನ್ನೂ ಹದಿನಾಲ್ಕು ಪುಟ ಕಟ್ಟಿದ್ದೆ, ಎಷ್ಟೊಂದು ಕವಲು, ಎಷ್ಟು ಚೆಂದದ ಹಿಮ. ಯಾರಿಗಾಗಿ ಕಟ್ಟಿದ್ದೆನೋ ಆ ಮನುಷ್ಯ ಅದನ್ನು ಇವತ್ತಿಗೂ ತೆರೆದು ನೋಡಿಲ್ಲ. ಸಿಕ್ಕಿದಾಗ ಒಮ್ಮೆ ಬಂದು ನೋಡಿ ಎಂದು ಕರೆಯುತ್ತೇನೆ. ಬ್ಯಾಡ, ಎಲ್ಲ ಅವಳೇ ಹೇಳಿದ್ದಾಳೆ ಎನ್ನುತ್ತಾರೆ. ಎರಡು ಸಲ ಆಯಿತು.